ಬಣ್ಣದಲ್ಲಿ ಬರೆದ ಹೆಸರುಗಳು

ಗುರುವಾರ, ಹನ್ನೊಂದನೇ ತಾರೀಕು, ಬೆಳಗ್ಗೆ 10.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಮೂವರು. ಮುಂದೆ ಬುದ್ಧ ವಿಹಾರದ ಕಾರ್ಯದರ್ಶಿ. ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮನುಷ್ಯ, ಕೋಪ ಬಂದರೆ ಕಿವಿ ಕೆಂಪಾಗುತ್ತದೆ, ಈಗಂತೂ ಕೆಂಡವಾಗಿತ್ತು. ಅವರ ಹಿಂದೆ ವಿಹಾರದ ಭಂತೆ, ಕಾವಿ ಬಟ್ಟೆಯ ತುದಿಯನ್ನು ಕೈಗೆ ಸುತ್ತಿಕೊಂಡು, ತಮ್ಮನ್ನು ಇಲ್ಲಿಗೆ ಎಳೆದು ತಂದಿದ್ದಾರೆ ಎಂಬುದನ್ನು ಮುಚ್ಚಿಡದ ಮುಖದಲ್ಲಿ. ಕೊನೆಯಲ್ಲಿ ಇಸ್ತ್ರಿ ಅಂಗಡಿಯ ಹೆಂಗಸು. ಅವಳನ್ನು ಯಾರೂ ಕರೆದಿರಲಿಲ್ಲ, ತಾನೇ ಬಂದಿದ್ದಳು.

ಇನ್‌ಸ್ಪೆಕ್ಟರ್ ಮೇಡಂ ಈ ಠಾಣೆಗೆ ವರ್ಗವಾಗಿ ಬಂದು ಏಳು ತಿಂಗಳು. ಕುರ್ಚಿ ತೋರಿಸಿ, "ಹೇಳಿ" ಎಂದರು.

"ಕಳ್ಳತನ ಮೇಡಂ. ಹೆಸರಿನ ಹಲಗೆಗಳು. ಇಪ್ಪತ್ಮೂರು" ಎಂದರು ಕಾರ್ಯದರ್ಶಿ.

ಪಕ್ಕದ ಮೇಜಿನ ಹೆಡ್ ಕಾನ್‌ಸ್ಟೇಬಲ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಇವರಿಗೆ ಠಾಣೆಯಲ್ಲಿ 'ಪಂಚನಾಮೆ' ಎಂದೇ ಹೆಸರು. ಒಂದು ಕೋಳಿ ಕಳುವಾದರೂ ನಾಲ್ಕು ಪುಟಕ್ಕೆ ಕಡಿಮೆ ಬರೆದವರಲ್ಲ, ಕೋಳಿಯ ನಡಿಗೆಯನ್ನೂ ಬಿಡದೆ ದಾಖಲಿಸುವವರು.

"ಯಾವ ಹಲಗೆ? ಅಂಗಡಿ ಬೋರ್ಡಾ?"

ಭಂತೆ ಮೆಲ್ಲಗೆ ವಿವರಿಸಿದರು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಗೇಣುದ್ದದ ಮರದ ಹಲಗೆಯ ಮೇಲೆ ಬರೆಸಿ ವಿಹಾರದ ಸಭಾಂಗಣದಲ್ಲಿ ಇಡುತ್ತಾರೆ. ಹುಣ್ಣಿಮೆಯ ಸಂಜೆ ಎಲ್ಲರೂ ಸೇರಿ ಪಂಚಶೀಲ ಹೇಳಿದ ಮೇಲೆ, ಓದುವವರು ಒಂದೊಂದು ಹಲಗೆಯನ್ನೂ ಬೆರಳಿನಿಂದ ಮುಟ್ಟಿ ಹೆಸರು ಓದುತ್ತಾರೆ. ತಾವು ಮಾಡಿದ ಒಳ್ಳೆಯದರ ಪುಣ್ಯ ಆ ಹೆಸರಿನವರಿಗೂ ಸೇರಲಿ ಎಂದು ಸೇರಿದವರು ಕೈ ಮುಗಿಯುತ್ತಾರೆ.

"ಮುಟ್ಟದೆ ಓದಿದರೆ?"

"ಓದಿದ ಹಾಗಲ್ಲ ಅನ್ನೋದು ನಮ್ಮಲ್ಲಿ ನಂಬಿಕೆ" ಎಂದರು ಭಂತೆ. "ತಗೊಂಡೋರಿಗೆ ಏನೋ ಅಗತ್ಯ ಇತ್ತೇನೋ. ದೂರು ಬೇಡ ಅಂದೆ, ಇವರು ಕೇಳಲಿಲ್ಲ."

"ಅಗತ್ಯ ಅಂತ ಬಿಟ್ರೆ ನಾಳೆ ಬುದ್ಧನ್ನೂ ಹೊತ್ಕೊಂಡು ಹೋಗ್ತಾರೆ!" ಎಂದರು ಕಾರ್ಯದರ್ಶಿ.

ಇನ್‌ಸ್ಪೆಕ್ಟರ್ ಇಸ್ತ್ರಿಯವಳ ಕಡೆ ತಿರುಗಿದರು. "ನೀವು?"

"ನನ್ನ ಮಗಳ ಹಲಗೆ ಅದರಲ್ಲಿದೆ ಮೇಡಂ. ಎಂಟು ವರ್ಷ. ಜ್ವರ ಅಂತ ಆಸ್ಪತ್ರೆಗೆ ಹೋದೋಳು." ಅವಳು ಅಲ್ಲಿಗೆ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. "ಹೋದ ಹುಣ್ಣಿಮೆಗೆ ಓದ್ತಾರೆ ಅಂತ ಕಾದೆ. ಓದಲಿಲ್ಲ. ಹೊಸ ಹಲಗೆ ಎಲ್ಲ ಮುಂದಿನ ಸಲ ಅಂದ್ರು. ನಾಡಿದ್ದು ಶನಿವಾರ ಮತ್ತೆ ಹುಣ್ಣಿಮೆ. ಈ ಸಲನೂ ಇಲ್ಲ ಅಂದ್ರೆ ಹೆಂಗೆ?"

ಅವಳು ಅಳಲಿಲ್ಲ. ಅತ್ತಿದ್ದರೆ ಇನ್‌ಸ್ಪೆಕ್ಟರಿಗೆ ಸುಲಭವಾಗುತ್ತಿತ್ತು, ನೀರು ತರಿಸಿ ಕೊಡಬಹುದಿತ್ತು. 11.20ಕ್ಕೆ FIR ದಾಖಲಾಯಿತು: ಪೂಜಾಸ್ಥಳದಲ್ಲಿ ಕಳ್ಳತನ, ಆರೋಪಿ ಅಪರಿಚಿತ.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ವಿಹಾರ ದೊಡ್ಡದಲ್ಲ. ಬಾಗಿಲ ಪಕ್ಕ ಚಪ್ಪಲಿ ಗೂಡು, ಎಡಕ್ಕೆ ಪುಸ್ತಕಗಳ ಕೋಣೆ, ಒಳಗೆ ಉದ್ದನೆಯ ಸಭಾಂಗಣ, ಅದರ ಕೊನೆಯಲ್ಲಿ ಕಣ್ಣು ಅರೆಮುಚ್ಚಿದ ಬುದ್ಧ. ಬೆಳಗ್ಗೆ ಧ್ಯಾನಕ್ಕೆ ಕೂರುವವರು, ಮಧ್ಯಾಹ್ನ ಪುಸ್ತಕ ಓದುವವರು, ಸಂಜೆ ಹೊಲಿಗೆ ಕಲಿಯುವ ಹೆಣ್ಣುಮಕ್ಕಳು, ಮಗುವಿಗೆ ಹೆಸರಿಡಲು ಬರುವವರು, ಮನೆಯಲ್ಲಿ ಜಗಳವಾಡಿ ಸುಮ್ಮನೆ ಕೂರಲು ಬರುವವರು. ಹೀಗೆ ಊರಿನ ಅರ್ಧ ಬದುಕು ಇಲ್ಲಿ ಬಂದು ಹೋಗುತ್ತಿತ್ತು. ಬೀಗ ಹಾಕುವ ರೂಢಿಯೇ ಇರಲಿಲ್ಲ. ಅಂದರೆ ಕಳ್ಳನ ದಾರಿ ಹುಡುಕುವ ಕೆಲಸ ತಪ್ಪಿತು, ಕಳ್ಳನನ್ನು ಹುಡುಕುವುದು ಮಾತ್ರ ಬಾಕಿ.

ಬಲಗಡೆಯ ಗೋಡೆಗೆ ಹಲಗೆಗಳ ಸಾಲು. ಮೇಲಿನ ಐದು ಸಾಲು ತುಂಬಿತ್ತು. ಆರನೆಯ ಸಾಲು ಖಾಲಿ.

"ಇದರ ಮುಂದೆ ಪರದೆ ಇರುತ್ತೆ. ಹುಣ್ಣಿಮೆ ಹತ್ತಿರ ಬಂದಾಗ ಶುಚಿ ಮಾಡೋಕೆ ತೆಗೀತೀವಿ. ಇವತ್ತು ಬೆಳಗ್ಗೆ ತೆಗೆದ್ರೆ ಬರೀ ಮರ" ಎಂದರು ಕಾರ್ಯದರ್ಶಿ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಸಾಲಿನ ಉದ್ದಕ್ಕೂ ಧೂಪದ ಬೂದಿ ಬೆರೆತ ಧೂಳು ಒಂದೇ ಸಮನಾಗಿ ಕೂತಿತ್ತು. ಹಲಗೆಗಳು ನಿನ್ನೆ ಹೋಗಿದ್ದರೆ ಅವು ನಿಂತಿದ್ದ ಜಾಗ ಶುಚಿಯಾಗಿ ಉಳಿಯಬೇಕಿತ್ತು. ಇವು ಹೋಗಿ ಮೂರು ನಾಲ್ಕು ವಾರವೇ ಆಗಿದೆ. ಅವರು ಅದನ್ನು ಹೇಳಿದಾಗ ಪಂಚನಾಮೆ ಸಾಹೇಬರು ಧೂಳಿಗೇ ಅರ್ಧ ಪುಟ ಕೊಟ್ಟರು.

"ಮೇಲಿನವು ಬೇರೆ ಥರ ಇವೆಯಲ್ಲ?"

"ಅವು ಕೆತ್ತಿದವು. ಒಬ್ಬ ಬಡಗಿ ಮೂವತ್ತು ವರ್ಷ ಕೆತ್ತಿ ಕೊಟ್ಟ. ಕೈನಡುಕ ಬಂದು ಉಳಿ ಕೆಳಗಿಟ್ಟ. ನಾಲ್ಕು ತಿಂಗಳು ಹೆಸರು ಬಾಕಿ ಬಿತ್ತು. ಆಮೇಲೆ ಬೋರ್ಡ್ ಬರೆಯೋ ಪೇಂಟರ್‌ಗೆ ಹೇಳಿದ್ವಿ. ಹೋದ ಹುಣ್ಣಿಮೆಗೆ ಎರಡು ದಿನ ಮುಂಚೆ ಎಲ್ಲ ಒಟ್ಟಿಗೆ ತಂದಿಟ್ಟ."

ಅಂದರೆ ಹೋಗಿರುವುದು ಬಣ್ಣದಲ್ಲಿ ಬರೆದವು ಮಾತ್ರ. ಕೆತ್ತಿದ ಒಂದನ್ನೂ ಕಳ್ಳ ಮುಟ್ಟಿಲ್ಲ.

ಸಭಾಂಗಣದ ಮೂಲೆಯಲ್ಲಿ ಒಬ್ಬ ಹಿರಿಯರು ಬತ್ತಿ ಹೊಸೆಯುತ್ತ ಕೂತಿದ್ದರು. ಬಿಳಿ ಅಂಗಿ, ನೆಟ್ಟಗೆ ಬಾಚಿದ ಕೂದಲು. ಮೂವತ್ತೊಂದು ವರ್ಷದಿಂದ ಹೆಸರು ಓದುತ್ತಿರುವುದು ಇವರೇ. ಮಕ್ಕಳು ಇವರನ್ನು 'ಹೆಸರಜ್ಜ' ಎನ್ನುತ್ತವೆ, ದೊಡ್ಡವರೂ ಹಾಗೇ ಎನ್ನುತ್ತಾರೆ.

"ಅಜ್ಜ, ಹೋದ ತಿಂಗಳು ಹೊಸ ಸಾಲು ಯಾಕೆ ಓದಲಿಲ್ಲ?"

"ಹೊಸದಾಗಿ ಬಂದಿತ್ತಮ್ಮ. ಸರಿಯಾಗಿ ಜೋಡಿಸಿರಲಿಲ್ಲ."

"ಯಾರ ಮೇಲಾದರೂ ಅನುಮಾನ?"

"ಅನುಮಾನ ಪಟ್ಟು ಏನು ಮಾಡ್ಲಿ. ಬರ್ತವೆ ಬಿಡಿ" ಎಂದರು ಅಜ್ಜ. ಎದ್ದು, ಬುದ್ಧನ ಮುಂದಿನ ದೀಪಕ್ಕೆ ಬತ್ತಿ ಇಟ್ಟು, ಎಣ್ಣೆ ಹಾಕಿ, ಬಾಗಿಲ ಕಡೆ ಹೋದರು. ಹದಿನಾರು ಹೆಜ್ಜೆ, ಎಲ್ಲೂ ತಡವರಿಸಲಿಲ್ಲ.

ಸಂಜೆ 4.30ಕ್ಕೆ ಬೋರ್ಡ್ ಪೇಂಟರ್‌ನ ಅಂಗಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಮನುಷ್ಯ. ಪೊಲೀಸರನ್ನು ಕಂಡದ್ದೇ ಕುಂಚ ಬಿಟ್ಟು, ಕೇಳದಿದ್ದರೂ ತಾನು ಮೂರು ವಾರ ಎಲ್ಲೆಲ್ಲಿದ್ದೆ ಎಂದು ಒಪ್ಪಿಸಲು ಶುರುಮಾಡಿದ.

"ಅದು ಬೇಡ. ಎಷ್ಟು ಹಲಗೆ ಬರೆದಿರಿ?"

"ಇಪ್ಪತ್ಮೂರು ಮೇಡಂ. ಚೀಟಿ ಎಲ್ಲ ಇದೆ. ಆದರೆ ಇಟ್ಟಿದ್ದು ಇಪ್ಪತ್ನಾಲ್ಕು."

"ಇನ್ನೊಂದು ಯಾರದು?"

"ಯಾರದೂ ಅಲ್ಲ. ಅಳತೆಗೆ ಅಂತ ಒಂದು ಖಾಲಿ ಹಲಗೆ ವಾರ್ನಿಷ್ ಹಚ್ಚಿ ತಗೊಂಡು ಹೋಗಿದ್ದೆ, ಸಾಲಿನ ಮಧ್ಯೆ ಮರೆತು ಬಂದೆ. ಅದೂ ಹೋಗಿದೆಯಾ?" ಅವನಿಗೆ ಈಗ ಧೈರ್ಯ ಬಂದು ನಗುವೂ ಬಂತು. "ಅಲ್ಲ ಮೇಡಂ, ಒಂದಕ್ಷರ ಇಲ್ಲದ ಹಲಗೆ ಕದ್ದೋನು ಎಂಥ ಕಳ್ಳ!"

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಚೀಟಿಗಳನ್ನು ತಿರುವಿದರು. ಸೇಡಿನ ಕೆಲಸವಾದರೆ ಒಬ್ಬರ ಹಲಗೆ ಹೋಗಬೇಕು. ಮರದ ಆಸೆಯಾದರೆ ಮೇಲಿನ ಸಾಲಿನ ಕೆತ್ತಿದವು ಹೋಗಬೇಕು, ಅವು ಒಳ್ಳೆಯ ಮರ. ಪಂಚನಾಮೆ ಸಾಹೇಬರಿಗೆ ಕಾರ್ಯದರ್ಶಿಯ ಮೇಲೇ ಕಣ್ಣು.

"ಅವರಿಗೆ ಗೋಡೆ ಮೇಲೆ ದೊಡ್ಡ ಟಿವಿ ಪರದೆ ಹಾಕಿ ಹೆಸರು ತೋರಿಸೋ ಆಸೆ ಅಂತೆ ಮೇಡಂ. ಓದೋದೇ ಬೇಡ, ಮಶೀನು ಹೇಳುತ್ತೆ ಅಂತ ಕಮಿಟಿಯಲ್ಲಿ ಜಗಳ ಆಡಿದ್ದಾರೆ. ಹಲಗೆ ಹೋದರೆ ಟಿವಿ ಪರದೆ ಬರುತ್ತಲ್ಲ."

"ಕದ್ದೋರೇ ಬಂದು FIR ಮಾಡಿ ಅಂತ ಕೂಗಾಡ್ತಾರಾ?"

"ಕೂಗಾಡೋರನ್ನೇ ನಾನು ಮೊದಲು ನೋಡೋದು."

ಆದರೂ ವಿಚಾರಿಸಿದರು. ಹುಣ್ಣಿಮೆಯ ಮಾರನೆಯ ದಿನದಿಂದ ಹತ್ತು ದಿನ ಕಾರ್ಯದರ್ಶಿ ಊರಿನಲ್ಲೇ ಇರಲಿಲ್ಲ, ಅತ್ತೆಯ ಆಪರೇಷನ್‌ಗೆ ಹೋಗಿದ್ದರು. ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ.

ಶುಕ್ರವಾರ ಬೆಳಗ್ಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದರು. ಹಲಗೆ ಯಾರೂ ಮಾರಲು ತಂದಿರಲಿಲ್ಲ. 11.10ಕ್ಕೆ, ಕೊನೆಯ ಅಂಗಡಿಯ ಪಕ್ಕದ ಸೆಲೂನಿನವನು ರೇಜರ್ ಆಡಿಸುತ್ತಲೇ ಹೇಳಿದ: "ಗೇಣುದ್ದದ ಹಲಗೆನಾ? ಅಂಥದ್ದು ನಾನೇ ಓದಿದೀನಲ್ಲ."

ಕಾನ್‌ಸ್ಟೇಬಲ್ ಅವನನ್ನು ಅರ್ಧ ಕ್ಷೌರದಲ್ಲೇ ಬಿಡಿಸಿ ಠಾಣೆಗೆ ಕರೆತಂದ. ಕುರ್ಚಿಯಲ್ಲಿದ್ದ ಗಿರಾಕಿ ಒಂದು ಕೆನ್ನೆಯ ನೊರೆಯೊಡನೆ ಬಾಗಿಲವರೆಗೂ ಬಂದು ಬೈದನಂತೆ.

"ಯಾರು ತಂದಿದ್ದರು?"

"ಒಬ್ಬ ವಯಸ್ಸಾದೋರು. ಬಟ್ಟೆ ಚೀಲ. ಕನ್ನಡಕ ಮನೇಲಿ ಮರೆತೆ, ಇದೇನು ಬರೆದಿದೆ ಸ್ವಲ್ಪ ಓದಪ್ಪ ಅಂದ್ರು. ಓದಿದೆ. ಇನ್ನೊಂದ್ಸಲ ಅಂದ್ರು. ಅದನ್ನೇ ಹೇಳ್ಕೊಂಡು ಹೋದ್ರು."

"ಎಷ್ಟು ಹಲಗೆ?"

"ನನ್ನತ್ರ ಎರಡು."

ಆಮೇಲೆ ದಾರಿ ತಾನಾಗಿ ಬಿಚ್ಚಿಕೊಂಡಿತು. ಅಂಚೆ ಕಚೇರಿಯ ಗುಮಾಸ್ತೆ ಮೂರು ಓದಿದ್ದಳು. ಬಸ್ ನಿಲ್ದಾಣದ ಕಂಟ್ರೋಲರ್ ನಾಲ್ಕು. ಕಣ್ಣಿನ ಆಸ್ಪತ್ರೆಯ ಕಾವಲುಗಾರ ಒಂದು. ಅವನು ತಮಾಷೆಗೆ, ಒಳಗೆ ಹೋಗಿ ಡಾಕ್ಟರಿಗೆ ತೋರಿಸಬಾರದಾ ಅಂದಿದ್ದನಂತೆ, ಹಿರಿಯರು ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟರಂತೆ. ಎಲ್ಲರಿಗೂ ಅದೇ ಮಾತು, ಕನ್ನಡಕ ಮರೆತೆ. ಯಾರೊಬ್ಬರ ಬಳಿಯೂ ಎರಡನೇ ಸಲ ಹೋಗಿರಲಿಲ್ಲ. ಕೊನೆಗೆ ಸೈಕಲ್ ರಿಪೇರಿಯವನು ಹೇಳಿದ ಮಾತನ್ನು ಇನ್‌ಸ್ಪೆಕ್ಟರ್ ಎರಡು ಸಲ ಹೇಳಿಸಿಕೊಂಡರು.

"ನಂಗೆ ಕೊಟ್ಟಿದ್ರಲ್ಲಿ ಏನೂ ಬರೆದಿರಲಿಲ್ಲ ಮೇಡಂ. ಖಾಲಿ ಅಜ್ಜ ಇದು ಅಂದೆ. ಬೆಚ್ಚಿಬಿದ್ದೋರ ಹಾಗೆ ನಿಂತ್ರು. ಸರಿಯಾಗಿ ನೋಡಪ್ಪ, ತಿರುಗಿಸಿ ನೋಡು ಅಂದ್ರು. ಎರಡೂ ಕಡೆ ಖಾಲಿ."

ಅವನು ಹೋದ ಮೇಲೆ ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ಮೇಜಿನ ಮರದ ಮೇಲೆ ಬೆರಳು ಆಡಿಸಿದರು. ಕೆತ್ತಿದ ಹೆಸರನ್ನು ಬೆರಳು ಓದುತ್ತದೆ. ಬಣ್ಣದ ಹೆಸರು ಬೆರಳಿಗೆ ನುಣುಪು ಮರ, ಅಷ್ಟೇ. ಖಾಲಿ ಹಲಗೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಊರಿಗೆ ಊರೇ ಎದುರು ಕೂತು ನೋಡುತ್ತಿದ್ದರೂ ಯಾರಿಗೂ ಗೊತ್ತಾಗಿಲ್ಲ. ಮುಟ್ಟಿ ಓದಬೇಕು ಎಂಬ ಪದ್ಧತಿಯೇ ಆ ಮನುಷ್ಯನನ್ನು ಇಷ್ಟು ದಿನ ಕಾಪಾಡಿದೆ.

"ಯಾರು ಅಂತ ಗೊತ್ತಾಯ್ತಾ ಮೇಡಂ?" ಎಂದರು ಪಂಚನಾಮೆ.

"ಗೊತ್ತಾಯ್ತು. ಗೊತ್ತಾಗಬಾರದಿತ್ತು ಅನ್ನಿಸ್ತಿದೆ" ಎಂದರು ಇನ್‌ಸ್ಪೆಕ್ಟರ್.

ಶನಿವಾರ ಬೆಳಗ್ಗೆ 8.30. ವಿಹಾರದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆ. ಸಾಕ್ಷಿಗೆ ಪಂಚರಾಗಿ ಕಾರ್ಯದರ್ಶಿ ಮತ್ತು ಪೇಂಟರ್, ಹಲಗೆ ಗುರುತಿಸಲು ಇಸ್ತ್ರಿಯವಳು. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಸ್ಟವ್, ಗೋಡೆಗೆ ಹೊಂದಿಸಿಟ್ಟ ಎರಡು ತಟ್ಟೆ ಎರಡು ಲೋಟ. ಹೆಂಡತಿ ತೀರಿಹೋಗಿ ಆರು ವರ್ಷವಾದರೂ ಎರಡನ್ನೂ ತೊಳೆದು ಇಡುತ್ತಿದ್ದರೆಂದು ಕಾಣುತ್ತದೆ.

"ಅಜ್ಜ, ನಾನು ಠಾಣೆಯಿಂದ."

"ಗೊತ್ತಮ್ಮ. ಐದು ಜನ ಬಂದಿದೀರಿ. ಮಂಚದ ಕೆಳಗಿದೆ, ತಗೊಳ್ಳಿ."

ಬಟ್ಟೆಯಲ್ಲಿ ಸುತ್ತಿದ ಹಲಗೆಗಳು ಹೊರಗೆ ಬಂದವು. ಇಪ್ಪತ್ತೆರಡಕ್ಕೆ ನೂಲು ಕಟ್ಟಿತ್ತು, ಬೆರಳಿಗೆ ಗುರುತು ಸಿಗುವಂತೆ ಒಂದು ಗಂಟು, ಎರಡು ಗಂಟು, ಹೀಗೆ. ಎರಡಕ್ಕೆ ನೂಲಿರಲಿಲ್ಲ, ಅವುಗಳಲ್ಲಿ ಒಂದನ್ನು ಬೇರೆಯಾಗಿ ಕರವಸ್ತ್ರದಲ್ಲಿ ಸುತ್ತಿತ್ತು.

ಕಾರ್ಯದರ್ಶಿಯ ಕಿವಿ ಮತ್ತೆ ಕೆಂಪಾಯಿತು. "ನೀವಾ! ಪ್ರತಿ ಹುಣ್ಣಿಮೆ ನಮಗೆ 'ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ' ಅಂತ ಹೇಳಿಕೊಡೋರು ನೀವು!"

"ಇಪ್ಪತ್ತೆಂಟು ದಿನದಿಂದ ಬೆಳಗ್ಗೆ ಪಂಚಶೀಲದಲ್ಲಿ ಆ ಮಾತು ಬಂದಾಗೆಲ್ಲ ಬಾಯಿ ಕಟ್ಟಿತು" ಎಂದರು ಅಜ್ಜ.

"ಕಣ್ಣು ಹೋಗಿ ಎಷ್ಟು ದಿನ ಆಯ್ತು?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ಕಾರ್ಯದರ್ಶಿ ತಿರುಗಿ ನೋಡಿದರು. ಪೇಂಟರ್‌ನ ಬಾಯಿ ತೆರೆದೇ ಉಳಿಯಿತು.

"ಪೂರ್ತಿ ಹೋಗಿ ಎರಡು ವರ್ಷ. ಬೆಳಕು ಕತ್ತಲು ಗೊತ್ತಾಗುತ್ತೆ."

"ಭಂತೆಯವರನ್ನು ಕೇಳಿದ್ದರೆ ಓದಿ ಹೇಳುತ್ತಿದ್ದರಲ್ಲ?"

"ಹೇಳ್ತಿದ್ರು. ಪಾಪ ಅಜ್ಜ ಇನ್ನು ಕೂತ್ಕೊಳ್ಲಿ ಅಂತಲೂ ಹೇಳ್ತಿದ್ರು. ಕಾರ್ಯದರ್ಶಿಯವರ ಟಿವಿ ಪರದೆ ಬರ್ತಿತ್ತು. ನಾಲ್ಕನೇ ಸಾಲಿನಲ್ಲಿ ನನ್ನವಳಿದ್ದಾಳಮ್ಮ. ತಿಂಗಳಿಗೊಂದು ಸಲ ಅವಳ ಹೆಸರು ಮುಟ್ಟೋದು ಬಿಟ್ಟು ನಂಗೆ ಬೇರೆ ಕೆಲಸ ಇಲ್ಲ."

"ಕಲಿತು ವಾಪಸ್ ಇಡೋ ಯೋಚನೆ ಇತ್ತಾ?"

"ಹತ್ತು ದಿನದಲ್ಲೇ ಕಲಿತೆ. ಒಂದು ಉಳೀತು." ಅವರು ಕೈ ಚಾಚಿ, ನೂಲಿಲ್ಲದ ಎರಡರಲ್ಲಿ ಕರವಸ್ತ್ರದಲ್ಲಿದ್ದದ್ದನ್ನು ಬಿಚ್ಚಿ ಎತ್ತಿಕೊಂಡರು. "ಇದು. ಮೂರು ಜನಕ್ಕೆ ಕೊಟ್ಟೆ. ಮೂವರೂ ವಯಸ್ಸು ನೋಡಿ 'ಅಯ್ಯೋ, ಎಂಟು ವರ್ಷ' ಅಂದು ಹೆಸರು ಓದದೇ ಕೈಗೆ ವಾಪಸ್ ಇಟ್ಟರು. ಮತ್ತೆ ಕೇಳೋಕೆ ನಂಗೆ ಬಾಯಿ ಬರಲಿಲ್ಲ. ಉಳಿದವು ಇಟ್ಟು ಇದೊಂದನ್ನ ಇಟ್ಕೊಂಡ್ರೆ, ಇದರ ಮನೆಯೋರಿಗೆ ಹೆಂಗಾಗುತ್ತೆ? ಅದಕ್ಕೆ ಎಲ್ಲ ಹಾಗೇ ಉಳಿದವು."

ಇಸ್ತ್ರಿಯವಳು ಅದುವರೆಗೂ ಬಾಗಿಲ ಬಳಿ ನಿಂತಿದ್ದಳು. ಈಗ ಒಳಗೆ ಬಂದಳು.

"ಅದು ನಮ್ಮದು ಅಜ್ಜ" ಎಂದಳು.

ಅಜ್ಜನ ಮುಖ ದನಿ ಬಂದ ಕಡೆ ತಿರುಗಿತು. "ನೀನಾ. ಹೋದ ಹುಣ್ಣಿಮೆಗೆ ಹಿಂದಿನ ಸಾಲಿಂದ 'ನನ್ನ ಮಗಳು ಬರಲೇ ಇಲ್ಲವಲ್ಲ' ಅಂದೋಳು ನೀನೇ. ಆ ಮಾತು ಕೇಳಿದ ಮೇಲೆ ನಂಗೆ ಅನ್ನ ಸೇರಲಿಲ್ಲ ತಾಯಿ. ಮಾರನೇ ದಿನ ಮಧ್ಯಾಹ್ನ ಚೀಲ ತಗೊಂಡು ಹೋದೆ."

ಅವಳು ಹಲಗೆ ತೆಗೆದುಕೊಳ್ಳಲಿಲ್ಲ. ಅಜ್ಜನ ಕೈಯಲ್ಲಿರುವಾಗಲೇ ಅದರ ಮುಂದೆ ನೆಲದ ಮೇಲೆ ಕೂತಳು. ಜ್ವರದ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ, ಅವಳೂ ಎತ್ತಿರಲಿಲ್ಲ. ಎತ್ತಿದರೆ ಗಂಡ ಎದ್ದು ಹೊರಗೆ ಹೋಗುತ್ತಿದ್ದ. ಈಗ ಅವಳು ಹಲಗೆಯ ಮೇಲಿದ್ದದ್ದನ್ನು ಓದಿದಳು. ಮಗಳ ಹೆಸರು, ತಂದೆಯ ಹೆಸರು, ತನ್ನ ಹೆಸರು, ವಯಸ್ಸು. ಕೊನೆಯವರೆಗೂ ಓದಿದಳು.

"ಇನ್ನೊಂದ್ಸಲ ಹೇಳು ತಾಯಿ."

ಇನ್ನೊಂದು ಸಲ ಹೇಳಿದಳು. ಅಜ್ಜ ಅದನ್ನು ಅವಳ ಹಿಂದೆಯೇ ಹೇಳಿದರು, ಒಂದು ಅಕ್ಷರ ತಪ್ಪಿಲ್ಲದೆ, ಸಭಾಂಗಣದಲ್ಲಿ ಓದುವ ದನಿಯಲ್ಲಿ. ಆಗ ಅವಳು ಅತ್ತಳು. ಪೇಂಟರ್ ಕಿಟಕಿಯ ಕಡೆ ತಿರುಗಿ ನಿಂತ. ಪಂಚನಾಮೆ ಸಾಹೇಬರ ಪೆನ್ನು ಆ ದಿನ ಮೊದಲ ಸಲ ನಿಂತಿತು.

ಕಾನೂನು ಕಾನೂನೇ. 9.50ಕ್ಕೆ ಇಪ್ಪತ್ನಾಲ್ಕು ಹಲಗೆಗಳನ್ನು ವಶಪಡಿಸಿಕೊಳ್ಳಲಾಯಿತು. ಅಜ್ಜನ ಸ್ವಇಚ್ಛಾ ಹೇಳಿಕೆ ಬರೆದು, ಓದಿ ಹೇಳಿ, ಹೆಬ್ಬೆರಳ ಗುರುತು ಹಾಕಿಸಿಕೊಂಡರು. 10.30ಕ್ಕೆ ಇನ್‌ಸ್ಪೆಕ್ಟರ್ ಬಂಧನದ ಮೆಮೊ ತುಂಬತೊಡಗಿದರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು ಅಜ್ಜ?"

"ನಂಗೆ ಗೊತ್ತಿರೋರೆಲ್ಲ ಆ ಗೋಡೆ ಮೇಲಿದ್ದಾರಮ್ಮ."

"ಒಂದು ಹೆಸರು ಬರೀಲೇಬೇಕು."

"ನನ್ನ ಹೆಸರು ಹಾಕ್ಕೊಳ್ಳಿ ಮೇಡಂ" ಎಂದಳು ಇಸ್ತ್ರಿಯವಳು, ಮೂಗು ಒರೆಸಿಕೊಳ್ಳುತ್ತ. "ಜಾಮೀನಿಗೂ ನಾನೇ ನಿಲ್ತೀನಿ."

"ಸಂಬಂಧ ಅಂತ ಒಂದು ಕಾಲಂ ಇದೆ. ಏನು ಬರೀಲಿ?"

ಅವಳು ಅಜ್ಜನ ಕಡೆ ನೋಡಿದಳು. "ನಾನು ಮಗಳ ಹೆಸರು ಓದಿಸೋಳು, ಇವರು ಓದೋರು. ಅಷ್ಟು ಸಾಲದಾ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಎಲ್ಲರೂ ಜಗಳಕ್ಕೆ ಸಿದ್ಧರಾದರು. "ಸಾಕು ಬರ್ಕೊಳ್ಳಿ ಮೇಡಂ" ಎಂದರು ಅವರು. "ಜಾಮೀನು ಬೇಗ ಆಗಲಿ. ಆರು ಗಂಟೆಗೆ ಜನ ಬರ್ತಾರೆ."

ಮಧ್ಯಾಹ್ನ 3.10ಕ್ಕೆ ಠಾಣಾ ಜಾಮೀನು. ಹಲಗೆಗಳು ಮುದ್ದೆಮಾಲು, ನ್ಯಾಯಾಲಯದ ಆದೇಶವಿಲ್ಲದೆ ಕೊಡುವಂತಿಲ್ಲ. ಠಾಣೆಯ ಬೀರುವಿನಲ್ಲೇ ಉಳಿದವು. ಸಂಜೆ ಇನ್‌ಸ್ಪೆಕ್ಟರ್ ಬೂಟು ಕಳಚಿ ಸಭಾಂಗಣದ ಹಿಂದೆ ನಿಂತರು. ಅಜ್ಜ ಮೊದಲು ಎರಡು ಮಾತಿನಲ್ಲಿ ತಾವು ಮಾಡಿದ್ದನ್ನು ಎಲ್ಲರಿಗೂ ಹೇಳಿದರು. ಆಮೇಲೆ ಐದು ಸಾಲು ಕೆತ್ತಿದ ಹೆಸರು. ಆರನೆಯ ಸಾಲಿಗೆ ಬಂದಾಗ ಬರಿಯ ಮರದ ಮೇಲೆ ಬೆರಳಿಟ್ಟು, ಒಂದೊಂದು ಹೆಸರಿಗೂ ಅಂಗುಲ ಸರಿಸುತ್ತ, ಇಪ್ಪತ್ಮೂರನ್ನೂ ಹೇಳಿದರು. ಇದು ಓದಿದಂತಾಯಿತೇ ಇಲ್ಲವೇ ಎಂದು ಯಾರೂ ಭಂತೆಯವರನ್ನು ಕೇಳಲಿಲ್ಲ. ಇಸ್ತ್ರಿಯವಳ ಪಕ್ಕದಲ್ಲಿ ಅವಳ ಗಂಡನಿದ್ದ. ಮಗಳ ಹೆಸರು ಬಂದಾಗ ಅವನು ಎದ್ದು ಹೋಗಲಿಲ್ಲ.

7.45ಕ್ಕೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಪಂಚನಾಮೆ ಸಾಹೇಬರು ಕಳ್ಳತನದ ಉದ್ದೇಶ ಎಂಬಲ್ಲಿ ಜಾಗ ಬಿಟ್ಟು, ಇದು ಮಾತ್ರ ತಮ್ಮಿಂದಾಗದು ಎಂದಿದ್ದರು. ಇನ್‌ಸ್ಪೆಕ್ಟರ್ ಹೀಗೆ ಬರೆದು ಸಹಿ ಹಾಕಿದರು: "ಹಿಂದಿನ ಹುಣ್ಣಿಮೆಯಂದು ಒಬ್ಬ ತಾಯಿ ತನ್ನ ಮಗಳ ಹೆಸರು ಏಕೆ ಬರಲಿಲ್ಲ ಎಂದು ಕೇಳಿದ್ದಾಳೆ. ಆರೋಪಿಗೆ ತನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಲು ನಾಚಿಕೆಯಾಗಿದೆ. ಉತ್ತರ ಕೊಡದಿರಲು ಮನಸ್ಸು ಒಪ್ಪಿಲ್ಲ."